ಕಾಯಿ ಬಿಡುವ ಮೊದಲೇ ನಸುಗುನ್ನಿ ಗುರುತಿಸುವುದು ಹೇಗೆ: ಕೊಡಗಿಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ನಸುಗುನ್ನಿಯ ಹೆಸರು ಕೇಳದವರು ಕಡಿಮೆ. ಆದರೆ ಹೆಚ್ಚಿನವರಿಗೆ ಅದರ ತುರಿಕೆ ಮಾತ್ರ ಗೊತ್ತು, ಬಳ್ಳಿ ಗೊತ್ತಿಲ್ಲ. ಕಾಫಿ ಕೊಯ್ಲಿನ ಸಮಯ, ಬೇಲಿ ಪಕ್ಕದ ಸಾಲು. ಗಿಡ ಬಗ್ಗಿಸಿದ ಕೂಡಲೇ ಕುತ್ತಿಗೆ, ಮೊಣಕೈ, ಬೆನ್ನು ಉರಿಯಲು ಶುರುವಾಗುತ್ತದೆ, ಆಗ ಎಲ್ಲರೂ ತಲೆ ಎತ್ತಿ ನೋಡುತ್ತಾರೆ, ಮೇಲೆ ನೆರಳಿಗೆ ಬೆಳೆಸಿದ ಹಾಲವಾಣ ಮರದ ಕೊಂಬೆಯಿಂದ ಕಂದು ಬಣ್ಣದ ಕಾಯಿಗೊಂಚಲು ನೇತಾಡುತ್ತಿರುತ್ತದೆ. ಆ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಬಳ್ಳಿ ಎಳೆದರೆ ಇನ್ನಷ್ಟು ಸುಂಕು, ಅಂದರೆ ಕಾಯಿಯ ಮೇಲಿನ ತುರಿಸುವ ಸಣ್ಣ ಕೂದಲು, ಉದುರುತ್ತದೆ.

ಇದೇ ಬಳ್ಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಜಾಗದಲ್ಲಿ ಬರೀ ಎಲೆ ಹೊತ್ತು ನಿಂತಿರುತ್ತದೆ. ಆಗ ಹತ್ತಿರ ಹೋಗಿ ನೋಡಬಹುದು, ಕಡಿಯಬೇಕಿದ್ದರೆ ಕಡಿಯಬಹುದು, ಬಿಡಬೇಕಿದ್ದರೆ ಬಿಡಬಹುದು. ಆದ್ದರಿಂದ ನನ್ನ ಇಡೀ ಮಾರ್ಗದರ್ಶಿ ಒಂದೇ ಮಾತಿನ ಮೇಲೆ ನಿಂತಿದೆ: ನಸುಗುನ್ನಿಯನ್ನು ಎಲೆ ಮತ್ತು ಜಾಗ ನೋಡಿ ಗುರುತಿಸಲು ಕಲಿಯಿರಿ. ಕಾಯಿಗೆ ಕಾಯಬೇಡಿ.

ಮೊದಲು ಬಳ್ಳಿಯ ಪರಿಚಯ

ನಸುಗುನ್ನಿ ಅವರೆ, ಅಲಸಂದೆ, ತೊಗರಿಯ ಕುಟುಂಬದ್ದು. ವಿಜ್ಞಾನದ ಹೆಸರು ಮ್ಯೂಕುನ ಪ್ರೂರಿಯೆನ್ಸ್. ಆಯುರ್ವೇದದವರು ಕಪಿಕಚ್ಚು, ಆತ್ಮಗುಪ್ತ ಎನ್ನುತ್ತಾರೆ. ವಿರಾಜಪೇಟೆ ಕಡೆ ಮಲಯಾಳ ಮಾತನಾಡುವವರನ್ನು ಕೇಳುವುದಾದರೆ ನಾಯ್ಕುರಣ ಎನ್ನಿ, ತಕ್ಷಣ ಅರ್ಥವಾಗುತ್ತದೆ.

ಇದು ಸಾಮಾನ್ಯವಾಗಿ ಒಂದು ವರ್ಷದ ಬಳ್ಳಿ. ಮುಂಗಾರಿನಲ್ಲಿ ಬೀಜ ಮೊಳೆಯುತ್ತದೆ, ಮಳೆಗಾಲದಲ್ಲಿ ಹಬ್ಬುತ್ತದೆ, ಮಳೆ ಇಳಿದ ಮೇಲೆ ಹೂ ಬಿಟ್ಟು ಕಾಯಿ ಕಟ್ಟುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಈ ಓಟ ನೆನಪಿದ್ದರೆ ಅರ್ಧ ಕೆಲಸ ಆದಂತೆ. ಏಕೆಂದರೆ ಕೈ ದಪ್ಪದ, ತೊಗಟೆ ಬಿರಿದ, ಹತ್ತಾರು ವರ್ಷದ ಕಾಡುಬಳ್ಳಿ ಕಂಡರೆ ಅದು ನಸುಗುನ್ನಿ ಅಲ್ಲ ಎಂದು ದೂರದಿಂದಲೇ ಹೇಳಬಹುದು. ಇದರ ಕಾಂಡ ತೆಳ್ಳಗೆ, ಬಗ್ಗುವಂಥದ್ದು.

ಯಾವಾಗ ಹುಡುಕಬೇಕು

ತಿಂಗಳ ಲೆಕ್ಕಕ್ಕಿಂತ ನಮ್ಮ ಹಬ್ಬಗಳ ಲೆಕ್ಕ ಇಲ್ಲಿ ಸುಲಭ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬಳ್ಳಿ ಎಳೆಯದು. ಬೇಲಿಯ ಎತ್ತರಕ್ಕೆ ಬಂದಿರುತ್ತದೆ ಅಷ್ಟೆ, ಜಿಗಣೆ ಕಾಟವೂ ಜಾಸ್ತಿ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹೊತ್ತಿಗೆ ಎಲೆಗಳೆಲ್ಲ ಪೂರ್ತಿ ಗಾತ್ರಕ್ಕೆ ಬಂದು ಬಳ್ಳಿ ಪೊದೆಯನ್ನೇ ಮುಚ್ಚಿರುತ್ತದೆ. ಕಲಿಯಲು ಇದೇ ಅತ್ಯುತ್ತಮ ಸಮಯ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ ಹೂ ಕಾಣತೊಡಗುತ್ತದೆ. ಪುತ್ತರಿಗೆ, ಅಂದರೆ ನವೆಂಬರ್ ಕೊನೆ ಅಥವಾ ಡಿಸೆಂಬರ್‌ಗೆ, ಎಳೆಕಾಯಿ. ಜನವರಿಯಿಂದ ಮಾರ್ಚ್‌ವರೆಗೆ ಒಣಕಾಯಿ. ರೊಬಸ್ಟಾ ಕಾಫಿ ಹಣ್ಣಾಗುವುದೂ ಇದೇ ಸಮಯದಲ್ಲಿ. ತೋಟದಲ್ಲಿ ಜನ ಅತಿ ಹೆಚ್ಚು ಓಡಾಡುವ ತಿಂಗಳು, ಸುಂಕು ಅತಿ ಹೆಚ್ಚು ಉದುರುವ ತಿಂಗಳು, ಎರಡೂ ಒಂದೇ. ತೊಂದರೆಯ ಮೂಲ ಇದು.

ಮಳೆ ಬೇಗ ನಿಂತ ವರ್ಷ ಇದೆಲ್ಲ ಸ್ವಲ್ಪ ಬೇಗ ಆಗಬಹುದು, ತಡವಾಗಿ ನಿಂತರೆ ತಡವಾಗಬಹುದು. ಪೂರ್ವದ ಒಣ ಭಾಗಕ್ಕೂ ಪಶ್ಚಿಮದ ಮಳೆ ಭಾಗಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಎಲ್ಲಿ ಹುಡುಕಬೇಕು

ಹೆಚ್ಚಿನವರು ಕಾಡುಬಳ್ಳಿ ಅಂದ ಕೂಡಲೇ ದಟ್ಟ ಕಾಡಿನೊಳಗೆ ಹೋಗಬೇಕು ಅಂದುಕೊಳ್ಳುತ್ತಾರೆ. ನಸುಗುನ್ನಿ ಅಲ್ಲಿ ಸಿಗುವುದಿಲ್ಲ. ಒಂದೇ ವರ್ಷದಲ್ಲಿ ಮೊಳೆತು, ಬೆಳೆದು, ಬೀಜ ಮಾಡಿ ಮುಗಿಸಬೇಕಾದ ಬಳ್ಳಿಗೆ ಬಿಸಿಲು ಬೇಕೇ ಬೇಕು. ಬೀಜ ಮೊಳೆಯಲು ಸ್ವಲ್ಪ ಕೆದಕಿದ ಮಣ್ಣು ಬೇಕು. ಹತ್ತಲು ಏನಾದರೂ ಆಸರೆ ಬೇಕು. ಈ ಮೂರೂ ಒಟ್ಟಿಗೆ ಸಿಗುವುದು ಅಂಚಿನಲ್ಲಿ: ಕಾಡು ಮುಗಿದು ರಸ್ತೆ ಶುರುವಾಗುವ ಕಡೆ, ತೋಟ ಮುಗಿದು ಬಾಣೆ (ಗದ್ದೆಗೆ ಸೇರಿದ ಎತ್ತರದ ಹುಲ್ಲು, ಮರಗಳ ಜಮೀನು) ಶುರುವಾಗುವ ಕಡೆ, ಗದ್ದೆ ಬದು ಮುಗಿದು ಪೊದೆ ಶುರುವಾಗುವ ಕಡೆ. ನೀವು ಎಲ್ಲೇ ನಿಂತಿರಿ, ಮೊದಲು ಸುತ್ತ ನೋಡಿ ಇಂಥ ಅಂಚು ಎಲ್ಲಿದೆ ಎಂದು ಗೊತ್ತು ಮಾಡಿಕೊಳ್ಳಿ, ಆಮೇಲೆ ಬಳ್ಳಿ ಹುಡುಕಿ.

ಕೊಡಗಿನ ಮಟ್ಟಿಗೆ ಹೇಳುವುದಾದರೆ ಮೊದಲು ನೋಡಬೇಕಾದ ಜಾಗ ಕಡಂಗ. ಹಳೆಯ ಕಾಲದ ಈ ಕಂದಕಗಳ ದಿಣ್ಣೆ ಇವತ್ತು ಎಷ್ಟೋ ತೋಟಗಳ ಗಡಿ. ಯಾರೂ ಅಲ್ಲಿ ಕಳೆ ಹೊಡೆಯುವುದಿಲ್ಲ, ಮಣ್ಣು ಸಡಿಲ, ಒಂದು ಬದಿಯಿಂದಾದರೂ ಬಿಸಿಲು ಬೀಳುತ್ತದೆ, ಹತ್ತಲು ಲಂಟಾನ, ಬಿದಿರು, ಕಾಡುಗಿಡ ಎಲ್ಲ ಇರುತ್ತವೆ. ಆನೆ ಕಂದಕದ ಮಣ್ಣು ಗುಡ್ಡೆಯೂ ಹಾಗೇ. ಆಮೇಲೆ ರಸ್ತೆ ಕಡಿದ ಧರೆಯ ಮೇಲ್ಭಾಗ, ತೋಡಿನ (ಸಣ್ಣ ಹಳ್ಳದ) ಬದಿ, ಪಾಳು ಬಿದ್ದ ಗದ್ದೆಯ ಅಂಚು, ತೋಟದ ಕೆಲಸಗಾರರ ಲೈನ್ ಮನೆಗಳ ಹಿಂದಿನ ಬೇಲಿ. ವಿದ್ಯುತ್ ತಂತಿಗಾಗಿ ಮರ ಕಡಿದು ದಾರಿ ಮಾಡಿದ ಜಾಗವನ್ನೂ ಬಿಡಬೇಡಿ.

ತೋಟದ ನಡುವೆ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ವರ್ಷಕ್ಕೆರಡು ಸಲವಾದರೂ ಕಳೆ ತೆಗೆಯುತ್ತಾರೆ, ನೆರಳೂ ಜಾಸ್ತಿ. ನಡುವೆ ಸಿಕ್ಕರೆ ಆ ಭಾಗ ಒಂದೆರಡು ವರ್ಷ ಕೈಬಿಟ್ಟದ್ದು ಎಂದೇ ಅರ್ಥ.

ಜಿಲ್ಲೆಯ ನಕ್ಷೆ ಇಟ್ಟುಕೊಂಡು ನೋಡಿದರೆ, ತೇವ ಇರುವ ಎಲೆ ಉದುರುವ ಕಾಡಿನ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದ್ದು. ತಿತಿಮತಿ, ಆನೆಚೌಕೂರು ಕಡೆ, ಸಿದ್ದಾಪುರ, ನೆಲ್ಯಹುದಿಕೇರಿ, ದುಬಾರೆ ಸುತ್ತ, ಕುಶಾಲನಗರದಿಂದ ಮೇಲೇರುವ ದಾರಿ. ಬಿದಿರು ಮತ್ತು ತೇಗ ಕಾಣುವ ಕಡೆ ಗಮನ ಇಡಿ. ಪಶ್ಚಿಮಕ್ಕೆ, ಸಂಪಾಜೆ ಘಟ್ಟ ಮತ್ತು ಮಾಕುಟ್ಟದ ದಾರಿಯಲ್ಲಿ, ಕಾಡಿನ ಒಳಗೆ ನಿತ್ಯಹರಿದ್ವರ್ಣದ ಕತ್ತಲೆ. ಅಲ್ಲಿ ರಸ್ತೆಬದಿಯ ತೆಳ್ಳಗಿನ ಬೆಳಕಿನ ಪಟ್ಟಿಯಲ್ಲಷ್ಟೇ ಹುಡುಕಿ. ತಡಿಯಂಡಮೋಳ್ 1748 ಮೀಟರ್, ಪುಷ್ಪಗಿರಿ 1712 ಮೀಟರ್. ಅಂಥ ಎತ್ತರದ ಹುಲ್ಲುಗಾವಲು, ಅದರ ನಡುವಿನ ಶೋಲಾ ಕಾಡಿನಲ್ಲಿ ಇದಕ್ಕಾಗಿ ಸಮಯ ಕಳೆಯಬೇಡಿ.

ಇನ್ನೊಂದು ಮಾತು ಮುಖ್ಯ. ನಸುಗುನ್ನಿಯ ಬೀಜ ಭಾರ, ಗಾಳಿಗೆ ಹಾರುವುದಿಲ್ಲ. ಒಣಗಿದ ಕಾಯಿ ಸಿಡಿದು ಬೀಜ ಹತ್ತಿರದಲ್ಲೇ ಬೀಳುತ್ತದೆ. ಹಾಗಾಗಿ ಹೋದ ವರ್ಷ ತುರಿಕೆ ಹತ್ತಿದ ಜಾಗದಲ್ಲಿ ಈ ವರ್ಷವೂ ಬಳ್ಳಿ ಇರುವ ಸಾಧ್ಯತೆ ಬಹಳ. ತೋಟದಲ್ಲಿ ಹಳೆಯ ಕೆಲಸಗಾರರನ್ನು ಕೇಳಿ. ಯಾವ ಬೇಲಿ, ಯಾವ ಮರ ಎಂದು ಬೆರಳು ತೋರಿಸಿ ಹೇಳುತ್ತಾರೆ. ಯಾವ ಆ್ಯಪ್‌ಗಿಂತಲೂ ಇದು ಒಳ್ಳೆಯ ದಾರಿ.

ಹೊರಡುವ ಮುಂಚೆ

ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ತಲೆಗೆ ಬಟ್ಟೆ ಅಥವಾ ಟೋಪಿ. ರಬ್ಬರ್ ಕೈಗವಸು, ಏಕೆಂದರೆ ಬಟ್ಟೆಯ ಗವಸಿನಲ್ಲಿ ಸುಂಕು ಸಿಕ್ಕಿಕೊಂಡು ಮನೆವರೆಗೂ ಬರುತ್ತದೆ. ಅಗಲವಾದ ಸೆಲ್ಲೋ ಟೇಪ್ ಒಂದು ಸುರುಳಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಮಸೂರ ಇದ್ದರೆ ತುಂಬ ಉಪಯೋಗ. ಒಂದು ಬಿಳಿ ಕಾಗದ, ಒಂದು ಸ್ಕೇಲು, ಫೋನು. ಇಷ್ಟು ಸಾಕು.

ಆನೆ ಓಡಾಡುವ ಕಡೆ ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಹೋಗಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ. ಬಳ್ಳಿ ನೋಡುವ ಹುಮ್ಮಸ್ಸಿನಲ್ಲಿ ಪೊದೆಯ ಬುಡಕ್ಕೆ ಕೈ ಹಾಕಬೇಡಿ, ಹಾವು ಇರುತ್ತದೆ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದಲ್ಲಾಗಲಿ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಜೀವಿಧಾಮಗಳಲ್ಲಾಗಲಿ ಅನುಮತಿ ಇಲ್ಲದೆ ಒಳಗೆ ಹೋಗುವುದು, ಗಿಡ ಕೀಳುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ದೇವರಕಾಡಿನಲ್ಲಿ ಕತ್ತಿ ಆಡಿಸಬೇಡಿ. ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳು ಉಳಿದಿರುವುದು ಹಿಂದಿನವರು ಈ ಕಟ್ಟಳೆ ಪಾಲಿಸಿದ್ದರಿಂದ. ನಿಮ್ಮದೇ ತೋಟದ ಬೇಲಿ, ಊರಿನ ರಸ್ತೆಬದಿ, ಇಷ್ಟರಲ್ಲೇ ಬೇಕಾದಷ್ಟು ನಸುಗುನ್ನಿ ಸಿಗುತ್ತದೆ.

ಹೆಜ್ಜೆ 1: ದೂರದಿಂದ ಬಳ್ಳಿಯ ನಡೆ ನೋಡಿ

ಹತ್ತಿರ ಹೋಗುವ ಮೊದಲು ಅದು ಹೇಗೆ ಹತ್ತಿದೆ ನೋಡಿ. ನಸುಗುನ್ನಿಗೆ ಹಾಗಲ, ಹೀರೆಯಂತೆ ಸುರುಳಿ ಕುಡಿ ಇಲ್ಲ. ಕಾಂಡವೇ ಆಸರೆಗೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಮುಳ್ಳೂ ಇಲ್ಲ, ಗೋಡೆಗೆ ಅಂಟುವ ಬೇರೂ ಇಲ್ಲ. ಇಷ್ಟು ಖಾತ್ರಿಯಾದರೆ ಎಷ್ಟೋ ಬಳ್ಳಿಗಳು ಪಟ್ಟಿಯಿಂದ ಹೊರಗೆ ಹೋದವು: ಮುಳ್ಳಿರುವ ಸೀಗೆ, ಸುರುಳಿ ಕುಡಿ ಇರುವ ಕಾಡುದ್ರಾಕ್ಷಿ ಜಾತಿಯವು, ಬೇರು ಅಂಟಿಸಿ ಹತ್ತುವ ಮೆಣಸು.

ಹೆಜ್ಜೆ 2: ಎಲೆಯನ್ನು ಸಾವಧಾನವಾಗಿ ಓದಿ

ಇಲ್ಲಿ ಅವಸರ ಮಾಡಬೇಡಿ. ಇಡೀ ಗುರುತಿನ ಕೆಲಸದ ಜೀವಾಳ ಇದು.

ಒಂದು ತೊಟ್ಟಿಗೆ ಮೂರು ಕಿರುಎಲೆ. ಅವರೆ ಬಳ್ಳಿ ನೋಡಿದವರಿಗೆ ಇದು ಹೊಸದಲ್ಲ. ಆದರೆ ಮೂರೂ ಒಂದೇ ಆಕಾರ ಅಲ್ಲ. ನಡುವಿನ ಕಿರುಎಲೆ ಎರಡೂ ಬದಿ ಸಮವಾಗಿ, ಸುಮಾರಾಗಿ ವಜ್ರದ ಆಕಾರದಲ್ಲಿ ಇರುತ್ತದೆ. ಅಕ್ಕಪಕ್ಕದ ಎರಡನ್ನು ನೋಡಿ. ನಡುನರದ ಒಂದು ಬದಿ ತೆಳ್ಳಗೆ, ಇನ್ನೊಂದು ಬದಿ ಅಗಲವಾಗಿ ಹೊರಕ್ಕೆ ಉಬ್ಬಿರುತ್ತದೆ. ಈ ಓರೆ ನಸುಗುನ್ನಿಯಲ್ಲಿ ತುಂಬ ಎದ್ದು ಕಾಣುತ್ತದೆ. ಎಲೆಯನ್ನು ನಡುನರದ ಉದ್ದಕ್ಕೆ ಮಡಚಿದರೆ ಎರಡು ಅರ್ಧ ಒಂದರ ಮೇಲೊಂದು ಕೂರುವುದೇ ಇಲ್ಲ. ಹೊರಗಿನ ಅರ್ಧ ಧಾರಾಳವಾಗಿ ಹೊರಚಾಚುತ್ತದೆ. ಅವರೆ, ಅಲಸಂದೆಯ ಪಕ್ಕದ ಎಲೆಗಳಲ್ಲೂ ಸ್ವಲ್ಪ ಓರೆ ಇರುತ್ತದೆ, ನಿಜ, ಆದರೆ ಇಷ್ಟಿಲ್ಲ.

ಗಾತ್ರ ದೊಡ್ಡದು. ಚೆನ್ನಾಗಿ ಬೆಳೆದ ಬಳ್ಳಿಯಲ್ಲಿ ಕಿರುಎಲೆ 15 ಸೆಂಟಿಮೀಟರ್‌ವರೆಗೂ ಬರುತ್ತದೆ, ತೊಟ್ಟೂ ಉದ್ದ. ಬರಗೆಟ್ಟ ಧರೆಯ ಮೇಲಿನ ಬಳ್ಳಿಯಲ್ಲಿ ಅರ್ಧದಷ್ಟೇ ಇರಬಹುದು, ಹಾಗಾಗಿ ಗಾತ್ರವೊಂದನ್ನೇ ನಂಬಬೇಡಿ.

ಈಗ ಎಲೆ ತಿರುಗಿಸಿ ಹಿಂಬದಿ ನೋಡಿ. ಎಳೆಯ ಎಲೆಯ ಹಿಂಬದಿಯಲ್ಲಿ ಬೂದು ಬೆಳ್ಳಿ ಬಣ್ಣದ ನುಣುಪು ಕೂದಲು ಒಂದೇ ದಿಕ್ಕಿಗೆ ಬಾಚಿದಂತೆ ಮಲಗಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳೆಯುತ್ತದೆ. ಎಳೆ ಕಾಂಡದ ಮೇಲೂ ಕೂದಲಿದೆ. ಈ ಕೂದಲು ಕಾಯಿಯ ಸುಂಕಿನಂತೆ ಚುಚ್ಚುವುದಿಲ್ಲ. ಆದರೂ ಗವಸು ತೆಗೆಯಬೇಡಿ. ಮೇಲೆಲ್ಲೋ ಹೋದ ವರ್ಷದ ಒಣಕಾಯಿ ಸಿಕ್ಕಿಕೊಂಡಿರಬಹುದು.

ಕಡೆಯದಾಗಿ ಮಸೂರ ಹಿಡಿದು ಪ್ರತಿ ಕಿರುಎಲೆಯ ಬುಡ ನೋಡಿ. ಕಿರುಎಲೆ ತೊಟ್ಟಿಗೆ ಸೇರುವಲ್ಲಿ ದಪ್ಪನೆಯ ಕೀಲಿನಂಥ ಗಂಟು ಇರುತ್ತದೆ, ಅದರ ಪಕ್ಕ ನೂಲಿನಂಥ ಸಣ್ಣ ಎಳೆ ಎದ್ದಿರುತ್ತದೆ, ಸುಮಾರು 4–5 ಮಿಲಿಮೀಟರ್. ಕೀಲು ಇರುವುದರಿಂದಲೇ ಎಲೆ ಉರಿಬಿಸಿಲಿಗೆ, ರಾತ್ರಿಗೆ ತನ್ನ ಭಂಗಿ ಬದಲಿಸುತ್ತದೆ. ಈ ಕೀಲು ಮತ್ತು ಎಳೆ ಸಿಕ್ಕಿತೆಂದರೆ ಅವರೆ ಬಳಗದ ಬಳ್ಳಿ ಎಂಬುದು ಬಹುಮಟ್ಟಿಗೆ ಗಟ್ಟಿ.

ಎಳೆ ಸಸಿಯಾದರೆ ಒಂದು ಎಚ್ಚರ: ಮೊದಲ ಎರಡು ಎಲೆಗಳು ಮೂರಾಗಿ ಒಡೆದಿರುವುದಿಲ್ಲ. ಎದುರುಬದುರಾಗಿ ಒಂಟಿ ಎಲೆ ಬಂದು, ನಂತರದ್ದರಿಂದ ಮೂರೆಲೆ ಶುರುವಾಗುತ್ತದೆ. ನಿಮ್ಮ ಜಾಗದಲ್ಲಿ ಒಂದೆರಡು ಸಸಿ ಹೆಚ್ಚಿದ್ದರೆ ಒಂದನ್ನು ಬೇರುಸಹಿತ ಮೆಲ್ಲಗೆ ಎಬ್ಬಿಸಿ ನೋಡಿ. ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಕತ್ತರಿಸಿದಾಗ ಒಳಗೆ ನಸುಗೆಂಪು ಕಂಡರೆ, ಅಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಬಳ್ಳಿಗೆ ಕೊಡುತ್ತಿವೆ ಎಂದರ್ಥ.

ಹೆಜ್ಜೆ 3: ಹೂವಿನಿಂದ ಖಾತ್ರಿ ಮಾಡಿಕೊಳ್ಳಿ

ಎಲೆಯಿಂದ ಅನುಮಾನ ಬಂದ ಬಳ್ಳಿಗೆ ಗುರುತು ಹಾಕಿಟ್ಟು ಅಕ್ಟೋಬರ್, ನವೆಂಬರ್‌ನಲ್ಲಿ ಮತ್ತೆ ಹೋಗಿ. ಎಲೆಯ ಕಂಕುಳಿನಿಂದ ಹೂಗೊಂಚಲು ಕೆಳಕ್ಕೆ ಜೋತುಬಿದ್ದಿರುತ್ತದೆ, ಒಂದು ಗೇಣಿನಷ್ಟು ಉದ್ದ, ಕೆಲವು ಅದಕ್ಕೂ ಜಾಸ್ತಿ. ಹೂ ಕಡು ನೇರಳೆ, ನೆರಳಲ್ಲಿ ಕಪ್ಪೇ ಅನ್ನಿಸುತ್ತದೆ. ಒಂದೊಂದು ಹೂ 3–4 ಸೆಂಟಿಮೀಟರ್. ಅವರೆ ಹೂವಿನಲ್ಲಿ ಮೇಲಿನ ದಳ ಅಗಲವಾಗಿ ಬಿಚ್ಚಿ ಎದ್ದು ಕಾಣುತ್ತದೆ. ನಸುಗುನ್ನಿಯಲ್ಲಿ ಆ ಮೇಲಿನ ದಳ ಗಿಡ್ಡ, ಕೆಳಗಿನ ದಳಗಳ ಅರ್ಧದಷ್ಟು ಮಾತ್ರ. ಕೆಳಗಿನವು ಉದ್ದವಾಗಿ ಮುಂದೆ ಬಂದು ತುದಿಯಲ್ಲಿ ಗಟ್ಟಿಯಾದ ಕೊಕ್ಕಿನಂತೆ ಮೇಲಕ್ಕೆ ಬಾಗಿರುತ್ತವೆ. ಇದನ್ನು ಒಮ್ಮೆ ನೋಡಿದರೆ ಬೇರೆ ಯಾವ ಹೂವಿನೊಂದಿಗೂ ಗೊಂದಲ ಆಗುವುದಿಲ್ಲ. ನೆಲಕ್ಕೆ ಬಿದ್ದ ಹೂ ಒಣಗಿ ಕಪ್ಪಾಗುತ್ತದೆ. ಬಳ್ಳಿಯ ಕೆಳಗೆ ಇಂಥ ಕಪ್ಪು ಹೂ ಬಿದ್ದಿದ್ದರೆ ಅದೂ ಒಂದು ಸುಳಿವೇ.

ಹೂವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹೂವಿನ ಬುಡದ ಬಟ್ಟಲಿನ ಮೇಲೂ ತುರಿಸುವ ಕೂದಲು ಇರುತ್ತದೆ. ಬಣ್ಣ ಚೆಂದ ಇದೆ ಎಂದು ಮಕ್ಕಳು ಗೊಂಚಲಿಗೆ ಕೈಹಾಕುವುದು ಇಲ್ಲೇ.

ಹೆಜ್ಜೆ 4: ಕಾಯಿ ಮತ್ತು ಬೀಜ, ದೂರದಿಂದ

ಕಾಯಿ 5–9 ಸೆಂಟಿಮೀಟರ್ ಉದ್ದ, ಬೆರಳಷ್ಟು ದಪ್ಪ, ಎರಡೂ ತುದಿ ವಿರುದ್ಧ ದಿಕ್ಕಿಗೆ ಬಾಗಿ ಹಾವಿನಂತೆ ತಿರುಚಿರುತ್ತದೆ. ಮೈಮೇಲೆ ಉದ್ದುದ್ದಕ್ಕೆ ಏಣುಗಳು. ಅದರ ಮೇಲೆಲ್ಲ ದಟ್ಟವಾದ ಸುಂಕು, ಎಳೆಯದರಲ್ಲಿ ತಿಳಿಬಣ್ಣ, ಬಲಿತಾಗ ಹೊನ್ನುಗಂದು. ಫೋನಿನಲ್ಲಿ ಜೂಮ್ ಮಾಡಿದರೆ ಸಾಕು, ಹತ್ತಿರ ಹೋಗುವ ಅಗತ್ಯ ಇಲ್ಲ. ಗಾಳಿ ಬೀಸುತ್ತಿದ್ದರೆ ಗಾಳಿಗೆ ಎದುರಾಗಿ ಅದರ ಕೆಳಗೆ ನಿಲ್ಲಲೇಬೇಡಿ.

ಬೀಜ ಕಾಯಿಗೆ ನಾಲ್ಕರಿಂದ ಆರು, ಹೊಳೆಯುವ ಕಪ್ಪು ಅಥವಾ ಕಂದು, ಕೆಲವದರ ಮೇಲೆ ಚುಕ್ಕೆ ಮಚ್ಚೆ. ಬೀಜದ ಕಣ್ಣು, ಅಂದರೆ ಕಾಯಿಗೆ ಅಂಟಿದ್ದ ಗುರುತು, ಗಿಡ್ಡ ಇರುತ್ತದೆ, ಸುತ್ತ ಕೆನೆಬಣ್ಣದ ಅಂಚು. ಈ ಕಣ್ಣಿನ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಯಾವುದರ ಜತೆ ಗೊಂದಲ ಆಗುತ್ತದೆ

ತೋಟದಲ್ಲಿ ಮೊದಲ ಗೊಂದಲ ಹಾಲವಾಣ. ಅದರದ್ದೂ ಮೂರೆಲೆ, ಅದೂ ಇದೇ ಕುಟುಂಬ. ಜತೆಗೆ ನಸುಗುನ್ನಿ ಹತ್ತುವುದು ಬಹಳ ಸಲ ಹಾಲವಾಣಕ್ಕೇ, ಹಾಗಾಗಿ ಎರಡರ ಎಲೆಯೂ ಕಲಸಿಹೋಗಿ ಬಳ್ಳಿ ಇರುವುದೇ ಕಾಣುವುದಿಲ್ಲ. ಕಣ್ಣನ್ನು ಎಲೆಯಿಂದ ತೊಟ್ಟಿಗೆ, ತೊಟ್ಟಿನಿಂದ ಕಾಂಡಕ್ಕೆ ಇಳಿಸಿ. ಹಾಲವಾಣದ ಕೊಂಬೆ ದಪ್ಪ, ನೆಟ್ಟಗೆ, ಹೆಚ್ಚಾಗಿ ಮುಳ್ಳಿನದು. ನಸುಗುನ್ನಿಯ ಕಾಂಡ ಸುತ್ತಿಕೊಂಡಿರುತ್ತದೆ. ಕಿರುಎಲೆಯ ಬುಡದಲ್ಲಿ ಹಾಲವಾಣಕ್ಕೆ ನೂಲಿನಂಥ ಎಳೆ ಬದಲು ಸಣ್ಣ ಗುಂಡು ಗ್ರಂಥಿ ಇರುತ್ತದೆ.

ಎರಡನೆಯದು ರಬ್ಬರ್ ತೋಟದ ಹೊದಿಕೆ ಬಳ್ಳಿ, ಮ್ಯೂಕುನ ಬ್ರಾಕ್ಟಿಯೇಟ. ನಸುಗುನ್ನಿಯದೇ ಕುಲ, ಈಶಾನ್ಯ ಭಾರತದ ಮೂಲದ್ದು. ಕಳೆ ತಡೆಯಲು, ಮಣ್ಣು ಕೊಚ್ಚದಂತೆ ಮಾಡಲು ನೆಡುತ್ತಾರೆ. ಸಂಪಾಜೆ ಕಡೆ ಅಥವಾ ಕೇರಳದ ಗಡಿ ದಾಟಿದ ಮೇಲೆ ರಬ್ಬರ್ ಮರಗಳ ಕೆಳಗೆ ನೆಲವೇ ಕಾಣದಂತೆ ಹಾಸಿದ್ದರೆ ಅದೇ ಇರಬಹುದು. ವರ್ಷಗಟ್ಟಲೆ ಬದುಕುತ್ತದೆ, ಬುಡ ದಪ್ಪಗಾಗುತ್ತದೆ. ಕಾಡು ನಸುಗುನ್ನಿ ಸಾಮಾನ್ಯವಾಗಿ ಹಾಗೆ ನೆಲಕ್ಕೆ ದಪ್ಪ ಕಂಬಳಿ ಹಾಸುವುದಿಲ್ಲ. ಪ್ಯುರೇರಿಯ ಎಂಬ ಇನ್ನೊಂದು ಹೊದಿಕೆ ಬಳ್ಳಿಯ ಕಾಯಿ ಸಣ್ಣ ಕಡ್ಡಿಯಂತೆ ನೇರ, ತುರಿಕೆಯ ಸುಂಕು ಇಲ್ಲ.

ಮೂರನೆಯದು ಮ್ಯೂಕುನ ಮೊನೊಸ್ಪರ್ಮ, ಪಶ್ಚಿಮ ಘಟ್ಟದ ತೇವದ ಕಾಡಿನ ದೊಡ್ಡ ಬಳ್ಳಿ. ಇದರ ಕಾಂಡ ಮರದಂತೆ ಗಟ್ಟಿ. ಕಾಯಿಯೂ ತುರಿಸುತ್ತದೆ, ಆದರೆ ಆಕಾರ ಪೂರ್ತಿ ಬೇರೆ: ಗಿಡ್ಡ, ಅಗಲ, ಮೈಮೇಲೆ ಓರೆಯಾಗಿ ಮಡಿಕೆ ಮಡಿಕೆ ಏಣು, ಒಳಗೆ ಸಾಮಾನ್ಯವಾಗಿ ಒಂದೇ ದೊಡ್ಡ ಬೀಜ. ಆ ಬೀಜದ ಕಣ್ಣು ಗಿಡ್ಡ ಇರುವುದಿಲ್ಲ, ಬೀಜದ ಸುತ್ತ ಮುಕ್ಕಾಲು ಭಾಗಕ್ಕೆ ಕಪ್ಪು ಪಟ್ಟಿಯಾಗಿ ಸುತ್ತಿರುತ್ತದೆ. ತೋಡಿನಲ್ಲಿ ತೇಲಿ ಬಂದ ಒಂಟಿ ಬೀಜ ಸಿಕ್ಕರೂ ಇಷ್ಟರಿಂದಲೇ ಎರಡನ್ನೂ ಬೇರೆ ಮಾಡಬಹುದು.

ಊರಲ್ಲಿ ಹಸಿರೆಲೆ ಗೊಬ್ಬರಕ್ಕೆ ಹಾಕುವ ವೆಲ್ವೆಟ್ ಬೀನ್ ಕೂಡ ನಸುಗುನ್ನಿಯ ಪ್ರಭೇದವೇ, ಸಾಕಿದ ರೂಪ. ಎಲೆ, ಹೂ ಎಲ್ಲ ಹಾಗೇ. ಕಾಯಿಯ ಮೇಲೆ ಮೃದುವಾದ ಮಖಮಲ್ಲಿನಂಥ ಕೂದಲಿದ್ದು ತುರಿಸುವುದಿಲ್ಲ. ತೋಟದ ಸಾಲಿನಲ್ಲಿ ಯಾರೋ ಬಿತ್ತಿದಂತೆ ಕಂಡರೆ ಮಾಲೀಕರನ್ನು ಕೇಳಿಬಿಡಿ.

ಉಳಿದವು ಸುಲಭ. ಗುಲಗಂಜಿಗೆ ಹುಣಸೆಯಂತೆ ಸಾಲಾಗಿ ಸಣ್ಣ ಎಲೆ. ಶಂಖಪುಷ್ಪಕ್ಕೆ ಐದರಿಂದ ಏಳು. ತೋಟಕ್ಕೆ ಕಾಟ ಕೊಡುವ ಮಿಕಾನಿಯಕ್ಕೆ ಹೃದಯಾಕಾರದ ಒಂಟಿ ಎಲೆ, ಎದುರುಬದುರು.

ಹೆಜ್ಜೆ 5: ದಾಖಲೆ ಮಾಡಿ

ಸುಮ್ನೆ ಒಂದು ಹಸಿರು ಪೊದೆಯ ಫೋಟೊ ಹಾಕಿ ಇದೇನು ಅಂದರೆ ಯಾರಿಗೂ ಹೇಳಲಾಗುವುದಿಲ್ಲ. ಎಲೆಯ ಮೇಲ್ಬದಿ, ಎಲೆಯ ಹಿಂಬದಿ, ಕಿರುಎಲೆಯ ಬುಡ, ಕಾಂಡ ಸುತ್ತಿದ ರೀತಿ, ಹೂ ಅಥವಾ ಕಾಯಿ, ಕಡೆಗೆ ಹತ್ತು ಹೆಜ್ಜೆ ಹಿಂದೆ ಬಂದು ಇಡೀ ಜಾಗದ ಒಂದು. ಎಲೆಯ ಪಕ್ಕ ಸ್ಕೇಲು ಇಡಿ, ಹಿಂದೆ ಬಿಳಿ ಕಾಗದ ಹಿಡಿದರೆ ಅಂಚು ಚೆನ್ನಾಗಿ ಬರುತ್ತದೆ. ದಿನಾಂಕ, ಊರು, ಸುಮಾರು ಎತ್ತರ, ಯಾವ ಮರಕ್ಕೆ ಹತ್ತಿದೆ, ಬಿಸಿಲು ಎಷ್ಟು ಎಂದು ಎರಡು ಸಾಲು ಬರೆಯಿರಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ತಿಳಿದವರು ನೋಡಿ ತಿದ್ದುತ್ತಾರೆ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಎರವ, ಕುರುಬ ಮನೆಗಳಲ್ಲಿ ಈ ಬಳ್ಳಿಯನ್ನು ಏನು ಕರೆಯುತ್ತಾರೆ ಎಂಬುದನ್ನೂ ಕೇಳಿ ಬರೆದಿಡಿ. ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಹೆಸರುಗಳು ಬಹಳ ಇವೆ. ಅವು ದಾಖಲಾಗದೆ ಹೋದರೆ ನನಗೆ ನಿಜಕ್ಕೂ ಸಂಕಟ.

ತುರಿಕೆ ಹತ್ತಿದರೆ

ಮೊದಲು ಕೆರೆಯಬೇಡಿ, ಉಜ್ಜಬೇಡಿ. ಪ್ರತಿ ಸುಂಕೂ ಒಂದು ಟೊಳ್ಳು ಸೂಜಿ. ಒಳಗೆ ಮ್ಯೂಕುನೈನ್ ಎಂಬ ಕಿಣ್ವ ಇರುತ್ತದೆ, 1955ರಲ್ಲಿ ಇದನ್ನು ತುರಿಕೆಯ ಕಾರಣ ಎಂದು ಗುರುತಿಸಿದರು. ಉಜ್ಜಿದಷ್ಟೂ ಸೂಜಿ ಒಳಗೆ ಹೋಗುತ್ತದೆ, ಮೈಯ ಬೇರೆ ಕಡೆಗೂ ಹರಡುತ್ತದೆ. ಸೆಲ್ಲೋ ಟೇಪನ್ನು ಚರ್ಮದ ಮೇಲೆ ಮೆಲ್ಲಗೆ ಒತ್ತಿ ಎತ್ತಿ. ಹೊಸ ತುಂಡು, ಹೊಸ ಜಾಗ, ಹೀಗೆ ಕಾಣುವ ಸುಂಕೆಲ್ಲ ಬರುವ ತನಕ. ಆಮೇಲೆ ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಿರಿ.

ಮಾಮೂಲಿ ಅಲರ್ಜಿಯ ಹಾದಿ ಹಿಸ್ಟಮಿನ್‌ನದ್ದು, ನಸುಗುನ್ನಿಯ ತುರಿಕೆಯ ಹಾದಿ ಬೇರೆ. ಆದ್ದರಿಂದ ಅಲರ್ಜಿ ಮಾತ್ರೆ ನುಂಗಿದರೂ ಕೂಡಲೇ ನಿಲ್ಲಲಿಲ್ಲ ಎಂದು ಗಾಬರಿಯಾಗಿ ಮತ್ತೆರಡು ನುಂಗಬೇಡಿ. ಬಟ್ಟೆಯನ್ನು ಮನೆಯವರ ಬಟ್ಟೆ ಜತೆ ಹಾಕದೆ ಬೇರೆಯಾಗಿ ಬಿಸಿನೀರಿನಲ್ಲಿ ನೆನೆಸಿ. ಬಿಸಿಗೆ ಆ ಕಿಣ್ವ ಕೆಡುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ ಬಹಳ ಹೊತ್ತು ನೀರು ಹಾಯಿಸಿ ನೇರ ಡಾಕ್ಟರ ಹತ್ತಿರ ಹೋಗಿ. ಉಸಿರಿನ ತೊಂದರೆಯಾದರೂ ಅಷ್ಟೇ, ತಡ ಮಾಡಬೇಡಿ.

ಕೊಯ್ಲಿಗೆ ಬರುವ ಹೊರಜಿಲ್ಲೆ, ಹೊರರಾಜ್ಯದ ಕೆಲಸಗಾರರಿಗೆ ನಮ್ಮ ಬೇಲಿಗಳ ಪರಿಚಯ ಇರುವುದಿಲ್ಲ. ಯಾವ ಸಾಲಿನಲ್ಲಿ ನಸುಗುನ್ನಿ ಇದೆ ಎಂದು ಬೆಳಿಗ್ಗೆಯೇ ಹೇಳಿ, ಮರಕ್ಕೊಂದು ಬಣ್ಣದ ಬಟ್ಟೆ ಕಟ್ಟಿ. ಇದು ಮಾಲೀಕರ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ಬೀಜವನ್ನು ಔಷಧಿಗೆ ಬಳಸಬಹುದಾ?

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಬೀಜದಲ್ಲಿ ಎಲ್-ಡೋಪಾ ಎಂಬ ವಸ್ತು ಇದೆ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧಿಯೂ ಅದೇ. ನಸುಗುನ್ನಿ ಬೀಜದಿಂದ ಅದನ್ನು ಬೇರ್ಪಡಿಸಿದ್ದು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದವರೇ, 1937ರಲ್ಲಿ. ಹೆಮ್ಮೆಯ ವಿಷಯ. ಆದರೆ ಬೇಲಿಯಿಂದ ತಂದ ಬೀಜವನ್ನು ಪುಡಿ ಮಾಡಿ ತಿನ್ನುವುದು ಬೇರೆ ಮಾತು. ಒಂದು ಬೀಜದಲ್ಲಿ ಎಷ್ಟಿದೆ ಎಂದು ನಿಮಗೆ ತಿಳಿಯುವುದಿಲ್ಲ. ವಾಂತಿ, ರಕ್ತದೊತ್ತಡ ಇಳಿಯುವುದು, ಮನಸ್ಸಿನ ಗೊಂದಲ ಎಲ್ಲ ಆಗಬಹುದು, ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಅಪಾಯ. ವೈದ್ಯರನ್ನು ಕೇಳದೆ ಬೇಡ.

ಕಡಿಯಬೇಕಾ, ಬಿಡಬೇಕಾ

ಜನ ಓಡಾಡುವ ದಾರಿ, ಕೊಯ್ಲಿನ ಸಾಲು, ಶಾಲೆಯ ಬೇಲಿ, ಕಣದ ಪಕ್ಕ: ಇಲ್ಲೆಲ್ಲ ತೆಗೆಯಿರಿ. ಸಮಯ ಕೈಲ್ ಪೊಳ್ದ್‌ನಿಂದ ಹೂ ಬಿಡುವವರೆಗೆ. ಬುಡದಲ್ಲಿ ಕತ್ತರಿಸಿ, ಮೇಲಿನ ಬಳ್ಳಿ ಅಲ್ಲೇ ಒಣಗಲಿ. ಕೊಳೆತು ಮಣ್ಣಿಗೆ ಒಳ್ಳೆಯ ಗೊಬ್ಬರವಾಗುತ್ತದೆ. ಹೂ ಬಿಡುವ ಮುಂಚೆ ತೆಗೆದರೆ ಆ ವರ್ಷ ಹೊಸ ಬೀಜ ಬೀಳುವುದಿಲ್ಲ, ಆದರೆ ಮಣ್ಣಿನಲ್ಲಿ ಹಳೆಯ ಬೀಜ ಇರುತ್ತದೆ. ಹಾಗಾಗಿ ಮುಂದಿನ ಮಳೆಗಾಲದಲ್ಲೂ ಅದೇ ಜಾಗ ನೋಡಿ. ಕಾಯಿ ಬಂದಾಗಿದ್ದರೆ ಒಣಗುವ ಮೊದಲು, ಮಂಜಿಗೆ ಅಥವಾ ಮಳೆಗೆ ಒದ್ದೆಯಾಗಿರುವಾಗ ತೆಗೆಯಿರಿ, ಸುಂಕು ಕಡಿಮೆ ಹಾರುತ್ತದೆ. ಒಣಕಾಯಿಯ ಬಳ್ಳಿಗೆ ಬೆಂಕಿ ಹಾಕಬೇಡಿ. ಬಿಸಿಗಾಳಿಯಲ್ಲಿ ಸುಂಕು ಮೇಲೆದ್ದು ಕಣ್ಣು, ಗಂಟಲಿಗೆ ಬರುತ್ತದೆ.

ಕಡಂಗದ ಆಚೆಗಿನದನ್ನು, ಬಾಣೆಯ ಮೂಲೆಯದನ್ನು, ತೋಡಿನ ಆ ದಡದ್ದನ್ನು ಬಿಟ್ಟುಬಿಡಿ. ಸೈಲರ್ ಚಿಟ್ಟೆಯ ಮರಿಹುಳು ಇದರ ಎಲೆ ತಿಂದು ಬೆಳೆಯುತ್ತದೆ, ಬೇರು ಬಡ ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಮಳೆಗಾಲದಲ್ಲಿ ಬಳ್ಳಿ ಧರೆಯ ಮಣ್ಣನ್ನು ಮುಚ್ಚಿ ಕಾಯುತ್ತದೆ. ಇದು ಮಿಕಾನಿಯ, ಲಂಟಾನದಂತೆ ಹೊರದೇಶದಿಂದ ಬಂದು ನುಗ್ಗಿದ್ದಲ್ಲ, ಇಲ್ಲಿನದೇ ಬಳ್ಳಿ. ಬಿಟ್ಟ ಬಳ್ಳಿ ಯಾವ ಮರಕ್ಕೆ ಹತ್ತಿದೆ ಎಂದು ತೋಟದ ನಕ್ಷೆಯಲ್ಲಿ ಗುರುತು ಹಾಕಿ, ಕೊಯ್ಲು ಶುರುವಾಗುವ ವಾರದ ಮುಂಚೆ ಅದರ ಕುಡಿ ಕೊಯ್ಲಿನ ಸಾಲಿನ ಕಡೆ ಚಾಚಿದೆಯಾ ಎಂದು ಒಮ್ಮೆ ನೋಡಿ ಬನ್ನಿ.